ಪರಂಪರೆ ನೋಡಬೇಕಾ? ಗೇಟ್ ಹೊರಗೆ ನಿಂತ್ಕೊಳ್ಳಿ

ಅಮೆರಿಕದ ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯಲ್ಲಿ ಯುರೀಕಾ ಅಂತ ಒಂದು ಊರಿದೆ. ಜನ ಹೆಚ್ಚೆಂದರೆ 26–27 ಸಾವಿರ. ವಿಕ್ಟೋರಿಯಾ ರಾಣಿ ಕಾಲದ ಮರದ ಮನೆಗಳಿಗೆ ಹೆಸರಾದ ಊರು. ಗೋಪುರ, ಕಮಾನು, ಕೆತ್ತಿದ ಕಂಬ, ಬಣ್ಣಬಣ್ಣದ ಸೂರಂಚು. ರಾಣಿಯಮ್ಮ ಆ ಕಡೆ ತಲೆ ಹಾಕಿಯೂ ಮಲಗಿದವಳಲ್ಲ, ಅದು ಬೇರೆ ಮಾತು.

ಈ ಮನೆಗಳಿಗೆಲ್ಲ ಹಿರಿಯಣ್ಣ ಸೆಕೆಂಡ್ ಸ್ಟ್ರೀಟಿನಲ್ಲಿರುವ ಕಾರ್ಸನ್ ಮ್ಯಾನ್ಷನ್. 1884ರಲ್ಲಿ ಶುರುವಾಗಿ 1886ಕ್ಕೆ ಮುಗಿದದ್ದು. ಪ್ರವಾಸಿ ಬರುತ್ತಾನೆ, ಫುಟ್‌ಪಾತ್ ಮೇಲೆ ನಿಂತು ಕತ್ತು ಎತ್ತುತ್ತಾನೆ, ಗೋಪುರದ ತುದಿ ಫ್ರೇಮಿಗೆ ಬರಲಿ ಅಂತ ಎರಡು ಹೆಜ್ಜೆ ಹಿಂದೆ ಹೋಗಿ ಕಾರಿಗೆ ಬಡಿದುಕೊಳ್ಳುತ್ತಾನೆ, ಫೋಟೊ ತೆಗೆದು ಹೊರಡುತ್ತಾನೆ. ಒಳಗೆ ಬಿಡುವುದಿಲ್ಲ. 1950ರಲ್ಲಿ ಊರಿನ ಗಣ್ಯರು 35 ಸಾವಿರ ಡಾಲರ್ ಕೊಟ್ಟು ಮನೆ ಕೊಂಡರು. ಅವತ್ತಿನಿಂದ ಅದು ಇಂಗೋಮಾರ್ ಅನ್ನುವ ಖಾಸಗಿ ಕ್ಲಬ್ಬು. ಸದಸ್ಯರು, ಅವರ ಅತಿಥಿಗಳು ಒಳಗೆ ಕೂತು ಊಟ ಮಾಡುತ್ತಾರೆ. ಉಳಿದವರು ಹೊರಗೆ ನಿಂತು ಪರಂಪರೆ ಸವಿಯಬೇಕು. ಇಂಗೋಮಾರ್ ಅನ್ನೋದು ಹಳೇ ನಾಟಕವೊಂದರ ನಾಯಕ. ಕಾಡುಮನುಷ್ಯನಂತಿದ್ದವನು ಒಬ್ಬ ಹುಡುಗಿಯಿಂದ ನಾಲ್ಕು ಜನರ ಜೊತೆ ಬೆರೆಯುವುದನ್ನು ಕಲಿಯುತ್ತಾನೆ. ಕ್ಲಬ್ಬಿನವರು ನಾಟಕವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿರಬೇಕು.

ಇಷ್ಟು ಹೆಸರಿರುವ ಮನೆ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಇರಲೇಬೇಕಲ್ವಾ? ಇಲ್ಲ. ಕ್ಲಬ್ಬು ಅದರ ಗೋಜಿಗೇ ಹೋಗಿಲ್ಲ. ಖಾಸಗಿ ಮಾಲೀಕ ಬೇಡ ಅಂದರೆ ಪಟ್ಟಿಗೆ ಸೇರಿಸುವ ಹಾಗಿಲ್ಲ ಅಂತ 1980ರಲ್ಲಿ ಕಾನೂನೇ ತಿದ್ದುಪಡಿಯಾಗಿದೆ.

ಹಾಗಂತ ಸೇರಿದ್ದರೆ ಏನು ಕಡಿದು ಗುಡ್ಡೆ ಹಾಕುತ್ತಿತ್ತು? ಗೋಡೆಗೆ ಒಂದು ಫಲಕ ಹಾಕಿಕೊಳ್ಳಬಹುದಿತ್ತು. ಮಾಲೀಕ ತನ್ನ ಸ್ವಂತ ದುಡ್ಡಲ್ಲಿ ನಾಳೆ ಬೆಳಿಗ್ಗೆ ಕೆಡವುತ್ತೇನೆ ಅಂದರೆ ಆ ಪಟ್ಟಿಗೆ ತಡೆಯುವ ಶಕ್ತಿ ಇಲ್ಲ. ತಡೆಯುವುದಿದ್ದರೆ ಊರಿನ ನಿಯಮವೇ ತಡೆಯಬೇಕು. ಇನ್ನೂ ಮಜಾ ಇರುವುದು ತೆರಿಗೆಯಲ್ಲಿ. ಪಟ್ಟಿಗೆ ಸೇರಿದ ಹಳೇ ಕಟ್ಟಡವನ್ನು ನಿಯಮದ ಪ್ರಕಾರ ದುರಸ್ತಿ ಮಾಡಿಸಿದರೆ ಖರ್ಚಿನ 20% ಫೆಡರಲ್ ತೆರಿಗೆಯಲ್ಲಿ ಮಾಫಿ. ಆದರೆ ಅದು ಬಾಡಿಗೆಗೋ ಹೋಟೆಲಿಗೋ ಆಫೀಸಿಗೋ ಕೊಟ್ಟ, ದುಡಿಯುವ ಕಟ್ಟಡಕ್ಕೆ ಮಾತ್ರ. ಅಜ್ಜನ ಮನೆಯಲ್ಲಿ ಮೊಮ್ಮಗಳು ಸುಮ್ನೆ ವಾಸವಾಗಿದ್ದರೆ ಸೊನ್ನೆ. ಮನೆ ಉಳಿಸಬೇಕೇ? ಮೊದಲು ಮನೆ ಖಾಲಿ ಮಾಡಿ.

ಇನ್ನು ಮನೆ ಕಟ್ಟಿಸಿದ ವಿಲಿಯಂ ಕಾರ್ಸನ್ ಸಾಹೇಬರು. ಕೆನಡಾದಿಂದ ಚಿನ್ನ ಹುಡುಕಿ ಬಂದವರು, ಚಿನ್ನಕ್ಕಿಂತ ರೆಡ್‌ವುಡ್ ಮರವೇ ವಾಸಿ ಅಂತ ಬೇಗ ಕಂಡುಕೊಂಡರು. ಅವರ ಪಾಲುದಾರ ಜಾನ್ ಡಾಲ್ಬೀರ್ ಸ್ಟೀಮ್ ಡಾಂಕಿ ಅನ್ನುವ ಯಂತ್ರ ಮಾಡಿದರು. ಎತ್ತುಗಳು ಏದುಸಿರು ಬಿಡುತ್ತಾ ಎಳೆಯುತ್ತಿದ್ದ ದಿಮ್ಮಿಗಳನ್ನು ಆ ಉಗಿಕತ್ತೆ ಸಲೀಸಾಗಿ ಎಳೆದು ಹಾಕಿತು. 300 ಅಡಿ ದಾಟುವ, ಸಾವಿರ ವರ್ಷ ಮೀರಿದ ಮರಗಳಿದ್ದ ಕಾಡು ಅದು. ಈಗ ಆ ಹಳೇ ಕಾಡಿನಲ್ಲಿ ಉಳಿದಿರುವುದು ಸುಮಾರು 5%. ಹೀಗೆ ಬಂದ ಹಣದಲ್ಲಿ ಕಟ್ಟಿದ ಮನೆಗೆ ಹೊರಗೆ ರೆಡ್‌ವುಡ್, ಅದೂ ಬಣ್ಣ ಬಳಿದು ಮುಚ್ಚಿದ್ದು. ಒಳಗಿನ ಕುಸುರಿಗೆ? ದಕ್ಷಿಣದ ದೇಶಗಳಿಂದ ಹಡಗಿನಲ್ಲಿ ತರಿಸಿದ ಪ್ರಿಮವೇರಾ ಮರ. ಮಿಠಾಯಿ ಅಂಗಡಿಯವನು ಮಗಳ ಮದುವೆಗೆ ಪಕ್ಕದ ಊರಿನ ಲಾಡು ತರಿಸಿದ ಹಾಗೆ.

ಮನೆ ಉಳಿಸಿ ಅಂದಾಗ ತಲೆದೂಗುವ ಸೀಮೆಯೇ ಮರ ಉಳಿಸಿ ಅಂದಾಗ ಏನು ಮಾಡಿತು ಕೇಳಿ. 1977ರಲ್ಲಿ ರೆಡ್‌ವುಡ್ ರಾಷ್ಟ್ರೀಯ ಉದ್ಯಾನ ದೊಡ್ಡದು ಮಾಡುವ ಪ್ರಸ್ತಾಪ ಬಂತು. ಕೆಲಸ ಹೋಗುತ್ತದೆ ಅಂತ ಮರದ ಲಾರಿಗಳೆಲ್ಲ ಸಾಲುಗಟ್ಟಿ ದೇಶದ ಆ ತುದಿಗೆ, ವಾಷಿಂಗ್ಟನ್ನಿಗೆ ಹೊರಟವು. ಕೆಲಸ ಹೋಗುವವರ ಹೊಟ್ಟೆಯ ಸಂಕಟ ಸುಳ್ಳಲ್ಲ. ಆದರೆ ಜೊತೆಗೆ ಒಯ್ದದ್ದು ಏನು ಗೊತ್ತಾ? ಹಳೇ ರೆಡ್‌ವುಡ್ ದಿಮ್ಮಿಯಲ್ಲಿ ಕೆತ್ತಿದ ಒಂದು ಕಡಲೆಕಾಯಿ. ತೂಕ ಹಲವು ಟನ್. ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಡಲೆಕಾಯಿ ಬೆಳೆಗಾರರು, ಅದಕ್ಕೆ. ಶ್ವೇತಭವನ ಅದನ್ನು ತೆಗೆದುಕೊಳ್ಳಲಿಲ್ಲ. ಕಡಲೆಕಾಯಿ ಅಷ್ಟೂ ದಾರಿ ವಾಪಸ್ ಬಂದು, ಯುರೀಕಾದ ಉತ್ತರಕ್ಕಿರುವ ಒರಿಕ್ ಅನ್ನುವ ಪುಟ್ಟ ಊರಿನ ರಸ್ತೆ ಬದಿಯಲ್ಲಿ ದಶಕಗಟ್ಟಲೆ ಕೂತಿತು. ಮರದ ಒಂದು ತುಂಡಾದರೂ ಪರಂಪರೆ ಆಯಿತಲ್ಲ ಬಿಡಿ. ಮರುವರ್ಷ ಉದ್ಯಾನ ದೊಡ್ಡದಾಯಿತು.

ಕಾರ್ಸನ್ ಮನೆಯ ಗೋಪುರ ಏಳುತ್ತಿದ್ದ ಹೊತ್ತಿಗೇ, 1885ರ ಫೆಬ್ರುವರಿಯಲ್ಲಿ, ಅದೇ ಊರಿನ ಇನ್ನೊಂದು ಕೇರಿ ಖಾಲಿಯಾಯಿತು. ಚೀನೀಯರ ಕೇರಿ. ಯಾರೋ ಇಬ್ಬರ ಜಗಳದ ಗುಂಡು ತಗುಲಿ ನಗರಸಭೆಯ ಸದಸ್ಯರೊಬ್ಬರು ಸತ್ತರು. ಅಷ್ಟಕ್ಕೇ ಮುನ್ನೂರರಷ್ಟು ಜನರನ್ನು 48 ಗಂಟೆಯೊಳಗೆ ಹಡಗು ಹತ್ತಿಸಿ ಸ್ಯಾನ್‌ಫ್ರಾನ್ಸಿಸ್ಕೋಗೆ ಸಾಗಹಾಕಿದರು. ಅವರು ಕೋರ್ಟಿಗೆ ಹೋದರೂ ಪರಿಹಾರ ಸಿಗಲಿಲ್ಲ. ಇದೂ ವಿಕ್ಟೋರಿಯಾ ಕಾಲದ್ದೇ. ಆದರೆ ಆ ಕೇರಿಗೆ ಗೋಪುರ ಇರಲಿಲ್ಲ, ಕೆತ್ತನೆ ಕಂಬ ಇರಲಿಲ್ಲ. ಉಳಿಸುವಂಥದ್ದು ಏನಿತ್ತು ಅಂತ ಊರು ನೂರು ವರ್ಷಕ್ಕೂ ಜಾಸ್ತಿ ಕಾಲ ಸುಮ್ಮನಿತ್ತು. ಈಗ ಅಲ್ಲಿನ ಒಂದು ಓಣಿಗೆ ಚಾರ್ಲಿ ಮೂನ್ ಅನ್ನುವ ಚೀನೀಯರ ಹೆಸರಿಟ್ಟಿದ್ದಾರೆ.

ಕೊನೆಗೆ ಬಂದದ್ದು ಪಾರ್ಕಿಂಗ್ ಪರಂಪರೆ. ಊರಲ್ಲಿ ಮನೆ ಸಿಗುವುದು ಕಷ್ಟ ಅಂತ ನಗರಸಭೆ ಪೇಟೆಯಲ್ಲಿನ ತನ್ನ ಪಾರ್ಕಿಂಗ್ ಜಾಗಗಳಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟಿಸಲು ಹೊರಟಿತು. ಕೂಡಲೇ ಎದ್ದಿತು ನೋಡಿ ಸಂರಕ್ಷಣೆಯ ಕೂಗು! ಕಾರು ಎಲ್ಲಿ ನಿಲ್ಲಿಸೋದು? ಪಾರ್ಕಿಂಗ್ ಜಾಗ ಉಳಿಸಬೇಕು ಅನ್ನುವವರ ಪ್ರಸ್ತಾಪ 2024ರ ನವೆಂಬರಿನಲ್ಲಿ ಜನರ ಮತಕ್ಕೆ ಬಂತು. ಹೆಸರು 'ಎಲ್ಲರಿಗೂ ಮನೆ' ಅಂತಲೇ ಶುರುವಾಗುತ್ತಿತ್ತು. ಜನ ಬೇಡ ಅಂದರು.

ಪಾಪ, ಪಾರ್ಕಿಂಗ್ ಕಾಯುವವರಿಗೆ ಸರಿಯಾದ ಸಲಹೆ ಕೊಡುವವರು ಇರಲಿಲ್ಲ. ರಾಷ್ಟ್ರೀಯ ಪಟ್ಟಿಗೆ ಸಾಮಾನ್ಯವಾಗಿ ಐವತ್ತು ವರ್ಷ ತುಂಬಿರಬೇಕು. ಸ್ವಲ್ಪ ಕಾದು ಡಾಂಬರಿಗೇ ಅರ್ಜಿ ಹಾಕಬಹುದಿತ್ತು. ಮಾಲೀಕರು ಒಪ್ಪಲ್ಲ ಅನ್ನುವ ತಾಪತ್ರಯವೂ ಇಲ್ಲ, ಆ ತಿದ್ದುಪಡಿ ಖಾಸಗಿಯವರಿಗೆ ಮಾತ್ರ. ಮೇಲಾಗಿ ಪಾರ್ಕಿಂಗ್ ಜಾಗಕ್ಕೆ ಯಾರು ಬೇಕಾದರೂ ಒಳಗೆ ಹೋಗಬಹುದು.