ನಮ್ಮ ಮನೆಯ ಮಿಕ್ಸಿ ಕೆಟ್ಟಿಲ್ಲ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಮಿಕ್ಸಿ ಚೆನ್ನಾಗಿಯೇ ಇದೆ. ಬೆಳಿಗ್ಗೆ ಆರೂವರೆಗೆ ಮೂರನೇ ಮಹಡಿಯಿಂದ ಕೇಳುವ ಆ ಸದ್ದಿಗೂ ಕಾಯಿ ಚಟ್ನಿಗೂ ಯಾವ ಸಂಬಂಧವೂ ಇಲ್ಲ. ಅದು ನಾನು. ಶಹನಾಯಿ ಕಲಿಯುತ್ತಿದ್ದೇನೆ.

ತಪ್ಪು ನನ್ನದಲ್ಲ, ಹೋಳಿಗೆಯದ್ದು. ಒಂದು ಭಾನುವಾರ ಮಧ್ಯಾಹ್ನ ಒಂದೆರಡು ಜಾಸ್ತಿಯೇ ತಿಂದು, ತುಪ್ಪದ ಮಂಪರಿನಲ್ಲಿ ಸೋಫಾಕ್ಕೆ ಒರಗಿದ್ದೆ. ರಿಮೋಟ್ ದೂರ ಇತ್ತು. ಎದ್ದು ಚಾನೆಲ್ ಬದಲಿಸುವ ಶಕ್ತಿ ಇರಲಿಲ್ಲ. ಟಿವಿಯಲ್ಲಿ 'ಸನಾದಿ ಅಪ್ಪಣ್ಣ' ಬರುತ್ತಿತ್ತು. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು ಆಧರಿಸಿದ 1977ರ ಸಿನಿಮಾ. ಚಿಕ್ಕವನಿದ್ದಾಗ ಟೆಂಟಿನಲ್ಲಿ ಇದನ್ನು ನೋಡಿದ್ದೆ. ನೋಡಿದ್ದೆ ಅನ್ನುವುದಕ್ಕಿಂತ, ಅಣ್ಣಾವ್ರು ಕತ್ತಿ ಹಿಡಿಯುವುದಿಲ್ಲ ಅಂತ ಗೊತ್ತಾದ ಮೇಲೆ ಮರಳಿನ ಮೇಲೆ ಮಲಗಿ ನಿದ್ದೆ ಹೊಡೆದಿದ್ದೆ.

ಈ ಸಲ ಎಚ್ಚರವಿತ್ತು. 'ಕರೆದರೂ ಕೇಳದೆ' ಶುರುವಾಯಿತು. ಎಸ್. ಜಾನಕಿಯವರ ದನಿ, ಜಯಪ್ರದಾ ನೃತ್ಯ, ರಾಜ್‌ಕುಮಾರ್ ಕೈಯಲ್ಲಿ ಶಹನಾಯಿ. ಮೈ ಜುಮ್ಮೆಂದಿತು. ಹಾಡು ಮುಗಿಯುವುದರೊಳಗೆ ನಾನು ಶಹನಾಯಿ ವಾದಕನಾಗಿಬಿಟ್ಟಿದ್ದೆ, ಶಹನಾಯಿ ತರುವುದೊಂದು ಬಾಕಿ.

ಹೆಂಡತಿಗೆ ಹೇಳಿದೆ. "ನಾಳೆ ಬೇರೆ ಸಿನಿಮಾ ಹಾಕ್ತಾರೆ, ಅಲ್ಲಿವರೆಗೆ ತಡ್ಕೊಳ್ಳಿ" ಅಂದಳು.

ಅವಳ ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ಅದೇ 1977ರ 'ಬಭ್ರುವಾಹನ' ನೋಡಿ ಬಂದು ಬಿದಿರಿನ ಬಿಲ್ಲು ಮಾಡಿ ಪಕ್ಕದ ಮನೆಯ ಹಂಚು ಒಡೆದವನು ನಾನು. ಮದುವೆಯಾದ ಮೊದಲ ವಾರವೇ ಅಮ್ಮ ಈ ಕಥೆಯನ್ನು ಸೊಸೆಗೆ ಒಪ್ಪಿಸಿಬಿಟ್ಟಿದ್ದರು. ಎಚ್ಚರಿಕೆ ಇರಲಿ ಅಂತ ಇರಬೇಕು.

ವಾದ್ಯದ ಅಂಗಡಿಯವರು ಶಹನಾಯಿ ತೆಗೆದು ಕೊಡುತ್ತಾ ಕೇಳಿದರು, "ಶೋಕೇಸ್‌ಗಾ ಸಾರ್?"

"ಅಲ್ಲ, ನುಡಿಸೋಕೆ."

ಅವರು ನನ್ನ ಕನ್ನಡಕ ನೋಡಿದರು, ಹೊಟ್ಟೆ ನೋಡಿದರು. ಪಾಪ, ಕೇಳದೇ ಒಂದು ರೀಡನ್ನು ಉಚಿತವಾಗಿ ಸೇರಿಸಿ ಕೊಟ್ಟರು.

ಮನೆಗೆ ಬಂದು, ಸ್ನಾನ ಮಾಡಿ, ದೇವರಿಗೆ ಕೈಮುಗಿದು ಊದಿದೆ. ಗಾಳಿ ಬಂತು. ಬರೀ ಗಾಳಿ. ಸೈಕಲ್ ಟ್ಯೂಬಿನಿಂದ ಬರುವಂಥದ್ದು. ಇನ್ನೂ ಜೋರಾಗಿ ಊದಿದೆ. ಕಣ್ಣ ಮುಂದೆ ಚುಕ್ಕಿಗಳು ಬಂದವು. ಮೂರನೇ ಸಲ ದಮ್ಮು ಕಟ್ಟಿ ಊದಿದಾಗ ಎಂಥದೋ ಒಂದು ಸದ್ದು ಬಂತು. ಕೆಳಗೆ ಬೀದಿನಾಯಿ ಅದಕ್ಕೆ ಉತ್ತರ ಕೊಟ್ಟಿತು. ಅಡುಗೆಮನೆಯಿಂದ ಹೆಂಡತಿ ಓಡಿ ಬಂದು "ಬಾಗಿಲಿಗೆ ಬೆರಳು ಸಿಕ್ಕಿಸ್ಕೊಂಡ್ರಾ?" ಎಂದು ಕೇಳಿದಳು.

ಗುರುಗಳಿಲ್ಲದೆ ಆಗದು ಅಂತ ಹುಡುಕಿದೆ. ಉತ್ತರ ಕರ್ನಾಟಕದ ಕಡೆಯ ಒಬ್ಬರು ಮೇಷ್ಟ್ರು ಸಿಕ್ಕರು. ಮದುವೆ ಸೀಸನ್ನಿನಲ್ಲಿ ಬಿಡುವಿಲ್ಲ, ಆಷಾಢದಲ್ಲಿ ಪಾಠ. ಅವರು ಶಹನಾಯಿ ಅನ್ನುವುದಿಲ್ಲ, ಸನಾದಿ ಅಂತಲೇ ಅನ್ನುತ್ತಾರೆ. ನಾನು ಊದಿದ್ದನ್ನು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ವಾದ್ಯವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಚೀಲಕ್ಕೆ ಹಾಕಿದರು.

"ಮದ್ಲ ಉಸಿರ ಹಿಡಿಯೂದು ಕಲೀರಿ ಸರ. ಆಮ್ಯಾಲೆ ಸನಾದಿ ಹಿಡಿಯೂಣಂತ."

ಶಹನಾಯಿಯ ಗುಟ್ಟು ಬೆರಳಿನಲ್ಲಿದೆ ಅಂದುಕೊಂಡಿದ್ದೆ. ಕೆನ್ನೆಯಲ್ಲಿದೆಯಂತೆ. ನಾದ ಎಲ್ಲೂ ಕಡಿಯಬಾರದು. ಅದಕ್ಕೆ ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಅದನ್ನು ಬಾಯಿಂದ ಹೊರಗೆ ತಳ್ಳುತ್ತಾ, ಅದೇ ಹೊತ್ತಿಗೆ ಮೂಗಿನಿಂದ ಹೊಸ ಗಾಳಿ ಒಳಗೆ ಎಳೆದುಕೊಳ್ಳಬೇಕು. ಸುಮ್ನೆ ಒಮ್ಮೆ ಮಾಡಿ ನೋಡಿ. ಐವತ್ತು ವರ್ಷ ಯಾವ ತಕರಾರೂ ಇಲ್ಲದೆ ಉಸಿರಾಡಿಕೊಂಡು ಬಂದ ನನಗೆ, ಉಸಿರಾಡುವುದೇ ಮರೆತುಹೋಯಿತು.

ಲೋಟದ ನೀರಿಗೆ ಸ್ಟ್ರಾ ಇಟ್ಟು, ಗುಳ್ಳೆ ನಿಲ್ಲದ ಹಾಗೆ ಊದಬೇಕು ಅಂತ ಮನೆಪಾಠ ಕೊಟ್ಟರು. ಶ್ರದ್ಧೆ ಇರುವವನು ಎಲ್ಲಿದ್ದರೂ ಅಭ್ಯಾಸ ಮಾಡುತ್ತಾನೆ, ಅಲ್ವಾ? ಆಫೀಸಿನ ಪಕ್ಕದಲ್ಲಿ ಎಳನೀರು ಕುಡಿಯುತ್ತಿದ್ದೆ. ಕೈಯಲ್ಲಿ ಸ್ಟ್ರಾ ಇದೆ, ಕೆಳಗೆ ನೀರಿದೆ. ಊದಿದೆ. ಬುಳುಬುಳು ಅಂತ ಗುಳ್ಳೆ ಎದ್ದವು. ಮೂಗಿನಿಂದ ಎಳೆದೆ. ಎಲ್ಲೋ ಲೆಕ್ಕ ತಪ್ಪಿತು. ಎಳನೀರು ಮೂಗಿನಲ್ಲೂ ಬಂತು, ಅಂಗಿಯ ಮೇಲೂ ಬಂತು.

"ನಿಧಾನಕ್ಕೆ ಕುಡೀರಿ ಸಾರ್, ಯಾರೂ ಕಿತ್ಕೊಳ್ಳಲ್ಲ" ಅಂದ ಎಳನೀರಿನವನು.

ರೀಡಿನ ಕಥೆಯನ್ನೂ ಹೇಳಲೇಬೇಕು. ಶಹನಾಯಿಯ ಜೀವ ಇರುವುದೇ ಬಾಯಲ್ಲಿಡುವ ಆ ತುಣುಕಿನಲ್ಲಿ. ಜೊಂಡಿನಿಂದ ಮಾಡಿದ್ದು. ಒದ್ದೆಯಾಗಿ ಮೆತ್ತಗಾದರೆ ಮಾತ್ರ ನುಡಿಯುತ್ತದೆ. ಮೇಷ್ಟ್ರು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಳ್ಳಿ ಅಂದಿದ್ದರು. ನಾನು ಬುದ್ಧಿವಂತ, ಉದ್ದಿನಬೇಳೆಯ ಹಾಗೆ ರಾತ್ರಿಯೇ ಲೋಟದಲ್ಲಿ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಲೋಟ ತೊಳೆದು ಬೋರಲು ಹಾಕಿತ್ತು.

"ಅದಾ? ನುಗ್ಗೆಕಾಯಿ ಸಿಪ್ಪೆ ಅಂದ್ಕೊಂಡೆ. ಹಸಿ ಕಸಕ್ಕೆ ಹಾಕಿದೆ."

"ಅದು ಹಸಿ ಕಸ ಅಲ್ಲ ಕಣೇ!"

"ನೆನೆಸಿದ್ದು ನೀವೇ ತಾನೆ?"

ಕಸದ ಗಾಡಿ ಆಗಲೇ ಮುಂದಿನ ಕ್ರಾಸಿಗೆ ಹೋಗಿತ್ತು. ಚಪ್ಪಲಿ ಇಲ್ಲದೆ ಅದರ ಹಿಂದೆ ಓಡಿದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೀಡ್ ಸಿಗಲಿಲ್ಲ.

ಇನ್ನು ಅಕ್ಕಪಕ್ಕದವರು. ಈ ವಾದ್ಯಕ್ಕೆ ಸದ್ದು ಕಡಿಮೆ ಮಾಡುವ ಗುಂಡಿ ಇಲ್ಲ. ದೇವಸ್ಥಾನದ ಬಾಗಿಲಿನಲ್ಲಿ ಕೂತು ಊರಿಗೆಲ್ಲ ಕೇಳಿಸಲು ಹುಟ್ಟಿದ್ದನ್ನು ನಾನು ಎರಡು ಬೆಡ್‌ರೂಮಿನ ಮನೆಗೆ ತಂದಿದ್ದೆ. ಎದುರುಮನೆಯವರು "ಯಾರ ಮದುವೆ ಸಾರ್, ನಮ್ಮನ್ನ ಕರೀಲೇ ಇಲ್ಲ" ಅಂದರು. ಕೆಳಗಿನ ಮನೆಯ ತಾತನದು ಬೇರೆ ಲೆಕ್ಕ. ಅವರು ಆಕಾಶವಾಣಿಯ ಕಾಲದವರು. ಹೊತ್ತಲ್ಲದ ಹೊತ್ತಿನಲ್ಲಿ ಹಾಡು ನಿಲ್ಲಿಸಿ ಬರೀ ವಾದ್ಯ ಸಂಗೀತ ಹಾಕಿದರೆ ಯಾರೋ ದೊಡ್ಡವರು ಹೋದರು ಅಂತ ಅರ್ಥ. ನಾನು ಊದಿದ ದಿನವೆಲ್ಲ ತಾತ ಗಾಬರಿಯಿಂದ ನ್ಯೂಸ್ ಚಾನೆಲ್ ಹಾಕುತ್ತಿದ್ದರಂತೆ.

ಯಾರಿಗೂ ತೊಂದರೆ ಬೇಡ ಅಂತ ಕಾರಿನೊಳಗೆ ಕೂತು, ಗಾಜು ಏರಿಸಿ, ಮರದ ಕೆಳಗೆ ಅಭ್ಯಾಸ ಶುರುಮಾಡಿದೆ. ಎರಡನೇ ದಿನ ಟ್ರಾಫಿಕ್ ಪೊಲೀಸರು ಬಂದು ಗಾಜು ಬಡಿದರು. "ಇಂಥ ಹಾರ್ನ್ ಎಲ್ಲಾ ಹಾಕಿಸೋ ಹಾಗಿಲ್ಲ ಸಾರ್. ಬಿಚ್ಚಿಸಿ." ನಾನು ಹಾರ್ನನ್ನು ಎತ್ತಿ ತೋರಿಸಿದೆ. ಅವರು ಒಂದು ನಿಮಿಷ ಸುಮ್ಮನೆ ನಿಂತು, ದಂಡ ಹಾಕದೆ ಹೊರಟುಹೋದರು. ಅವರ ಮುಖದಲ್ಲಿದ್ದದ್ದು ಕನಿಕರ.

ಆ ರಾತ್ರಿ ಮತ್ತೆ ಆ ಹಾಡು ಹಾಕಿಕೊಂಡು ಕೂತೆ. ಈ ಸಲ ಜಯಪ್ರದಾ ಕಡೆ ಕಣ್ಣೇ ಹೋಗಲಿಲ್ಲ, ರಾಜ್‌ಕುಮಾರ್ ಅವರ ಕೆನ್ನೆಯನ್ನೇ ನೋಡಿದೆ. ಎಂಥ ತನ್ಮಯತೆ! ಆದರೆ ಕೇಳುತ್ತಿರುವ ಉಸಿರು ಅವರದಲ್ಲ, ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದು. 1947ರಲ್ಲಿ ಸ್ವಾತಂತ್ರ್ಯ ಬಂದಾಗ ಕೆಂಪುಕೋಟೆಯಲ್ಲಿ ನುಡಿಸಿದವರು. 2001ರಲ್ಲಿ ಭಾರತರತ್ನ ಪಡೆದವರು. ಹುಡುಗನಾಗಿದ್ದಾಗಿನಿಂದ ಕಾಶಿಯ ಗಂಗೆಯ ದಡದಲ್ಲಿ, ಬಾಲಾಜಿ ದೇವಸ್ಥಾನದಲ್ಲಿ ಸಾಧನೆ ಮಾಡಿದವರು. ಅಂದರೆ ಅಭಿನಯ ಒಬ್ಬ ದೊಡ್ಡವರದು, ಉಸಿರು ಇನ್ನೊಬ್ಬ ದೊಡ್ಡವರದು. ಇಬ್ಬರು ಸೇರಿ ಮಾಡಿದ್ದನ್ನು ನಾನೊಬ್ಬನೇ, ಆಫೀಸಿಗೆ ಹೊರಡುವ ಮುಂಚೆ, ಮುಗಿಸಲು ಹೊರಟಿದ್ದೆ.

ಮೇಷ್ಟ್ರಿಗೆ ಇದನ್ನು ಹೇಳಿದಾಗ ಜೋರಾಗಿ ನಕ್ಕರು. "ನಾನೂ ಅದ ಪಿಚ್ಚರ್ ನೋಡಿ ಕೆಟ್ಟಾವ್ರಿ" ಅಂದರು. ಮುಂದಿನ ವಾರ ಶಹನಾಯಿಯನ್ನು ಚೀಲದಿಂದ ತೆಗೆದು ಕೈಗೆ ಕೊಟ್ಟರು.

ಮೊನ್ನೆ ಬೆಳಿಗ್ಗೆ ಒಂದು ಸಂಗತಿ ನಡೆಯಿತು. ಷಡ್ಜ ಹಿಡಿದೆ. ನಿಂತಿತು. ನಡುಗಲಿಲ್ಲ, ಕೀರಲಿಲ್ಲ. ಹನ್ನೊಂದು ಸೆಕೆಂಡ್, ಗಡಿಯಾರ ನೋಡಿ ಹೇಳುತ್ತಿದ್ದೇನೆ. ನಾಯಿಯೂ ಸುಮ್ಮನಿತ್ತು. ಹೆಂಡತಿ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಏನೂ ಹೇಳಲಿಲ್ಲ.

ಅಷ್ಟರಲ್ಲಿ ಕರೆಗಂಟೆ. ಮೇಲಿನ ಮನೆಯ ಆಂಟಿ.

"ಅಂತೂ ಮಿಕ್ಸಿ ರಿಪೇರಿ ಮಾಡಿಸಿದ್ರಲ್ಲ! ಸೌಂಡು ಎಷ್ಟು ಸ್ಮೂತಾಗಿ ಬರ್ತಿದೆ ಈಗ. ನಮ್ದೂ ಕೆಟ್ಟು ಕೂತಿದೆ. ಆ ರಿಪೇರಿಯವರ ನಂಬರ್ ಸ್ವಲ್ಪ ಕೊಡಿ."

ಖುಷಿಯಲ್ಲಿದ್ದೆ. ಮೇಷ್ಟ್ರ ನಂಬರ್ ಕೊಟ್ಟುಬಿಟ್ಟೆ.