ಗಾಲಿಕುರ್ಚಿಯ ಜೊತೆಗೆ ಅಳತೆ ತೆಗೆಯುವವರನ್ನೂ ಕೊಡಿ

ಮೊನ್ನೆ ಪಕ್ಕದ ತಾಲ್ಲೂಕಿನ ಸಾಧನ ಸಲಕರಣೆ ವಿತರಣಾ ಕಾರ್ಯಕ್ರಮಕ್ಕೆ ಹೋಗಿ ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಯ ಚಲನೆ ಹತೋಟಿಗೆ ಬಾರದ ಸ್ಥಿತಿ) ಇರುವ, ಆರೇಳು ವರ್ಷವಾದರೂ ಕತ್ತು ನಿಲ್ಲದ ಹುಡುಗನೊಬ್ಬನಿಗೆ ದೊಡ್ಡವರು ಕೂರುವ ಗಾಲಿಕುರ್ಚಿಯನ್ನು ಕೊಟ್ಟರು. ತಲೆಗೆ ಆಸರೆಯಿಲ್ಲ, ಎದೆಗೆ ಬೆಲ್ಟಿಲ್ಲ, ಕಾಲಿಡುವ ಹಲಗೆ ಅವನ ಪಾದಕ್ಕಿಂತ ಒಂದು ಗೇಣು ಕೆಳಗಿತ್ತು. ಮಗು ಜಾರತೊಡಗಿದಾಗ ತಾಯಿ ಹೆಗಲ ಮೇಲಿದ್ದ ಟವೆಲನ್ನು ಅವನ ಎದೆಗೆ ಸುತ್ತಿ ಕುರ್ಚಿಯ ಬೆನ್ನಿಗೆ ಗಂಟು ಹಾಕಿದರು. ಫೋಟೊ ತೆಗೆದಾಯಿತು, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡದ್ದೂ ಆಯಿತು, ಮುಂದಿನ ಹೆಸರು ಕೂಗಿದರು.

ನನ್ನ ತಮ್ಮನನ್ನು ಬಲ್ಲ ಸ್ನೇಹಿತರಿಗೆ ಈ ಸಿಟ್ಟಿನ ಮೂಲವೂ ಗೊತ್ತು. ಅವನನ್ನು ಹೇಗೆ ಕೂರಿಸಿ ಉಣಿಸಬೇಕು, ಗಂಜಿ ನೆತ್ತಿಗೆ ಹತ್ತದಂತೆ ಗದ್ದವನ್ನು ಹೇಗೆ ಹಿಡಿಯಬೇಕು ಎಂದು ನಮ್ಮ ಅವ್ವನ ಪಕ್ಕದಲ್ಲೇ ಕುಳಿತು ಕಲಿಸಿಕೊಟ್ಟ ಫಿಸಿಯೋಥೆರಪಿಸ್ಟ್ ಒಬ್ಬರಿಂದ ನಮ್ಮ ಮನೆಗೆ ಆದ ಉಪಕಾರ ಯಾವ ಸಲಕರಣೆಯಿಂದಲೂ ಆಗಲಿಲ್ಲ.

ನಮ್ಮಲ್ಲಿ ವಸ್ತುವಿಗೆ ದುಡ್ಡು ಸಿಗುತ್ತದೆ, ಕೆಲಸ ಬಲ್ಲ ಕೈಗಳಿಗೆ ಸಿಗುವುದಿಲ್ಲ. ನನ್ನ ತಕರಾರು ಇಷ್ಟೇ. ಕಾನೂನು ಹೀಗೆ ಹೇಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 47ನೇ ಸೆಕ್ಷನ್ ವೈದ್ಯರು, ದಾದಿಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಕಲಿಕೆಯಲ್ಲಿ ಅಂಗವೈಕಲ್ಯದ ವಿಷಯವೂ ಸೇರಿರಬೇಕೆಂದು, ಪಂಚಾಯಿತಿ ಸದಸ್ಯರಿಗೆ ವಿಕಲಚೇತನರ ಹಕ್ಕುಗಳ ಬಗ್ಗೆ ತರಬೇತಿ ಇರಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಎಂಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು ಸುಪ್ರೀಂ ಕೋರ್ಟ್ 2021ರಲ್ಲೇ ಸೂಚಿಸಿದೆ. ನಮ್ಮ ತಾಲ್ಲೂಕುಗಳಲ್ಲಿ ಬೆರಳೆಣಿಕೆಯ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಗಳು ಊರೂರು ಸುತ್ತಿ, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಿ ಪಾಠ ಹೇಳಬೇಕು. ಕೇಂದ್ರದ ಶಾಲಾ ಶಿಕ್ಷಣ ಯೋಜನೆಯಾದ ‘ಸಮಗ್ರ ಶಿಕ್ಷಣ’ದ ಮಾನದಂಡದಂತೆ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿಯವರೆಗೆ ಖರ್ಚು ಮಾಡಬಹುದು. ದಿನಕ್ಕೆ ಹತ್ತು ರೂಪಾಯಿಯೂ ಬೀಳದ ಆ ಮೊತ್ತದಲ್ಲಿ ಯಾರ ದುಡಿಮೆಗೆ ಕೂಲಿ ಕೊಡಲು ಸಾಧ್ಯ?

ಆರೋಗ್ಯದ ವಿಷಯದಲ್ಲೂ ಇದೇ ಕಥೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಒಳ್ಳೆಯ ಯೋಜನೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಹಾಗೂ ಬಹುವಿಧ ಅಂಗವೈಕಲ್ಯ ಇರುವವರಿಗೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆ ಕೊಡುತ್ತದೆ, ಥೆರಪಿಯ ಖರ್ಚನ್ನೂ ಒಂದು ಮಿತಿಯೊಳಗೆ ಭರಿಸುತ್ತದೆ. ಆದರೆ ಮೊದಲು ಕೈಯಿಂದ ಕೊಟ್ಟು ಆಮೇಲೆ ಬಿಲ್ಲು ಸಲ್ಲಿಸಬೇಕು. ಕೂಲಿಗೆ ಹೋಗುವ ತಾಯಿ ಮುಂಗಡ ದುಡ್ಡನ್ನು ಎಲ್ಲಿಂದ ತರಬೇಕು? ತಂದರೂ, ಥೆರಪಿಸ್ಟೇ ಇಲ್ಲದ ಊರಿನಲ್ಲಿ ಆ ಬಿಲ್ಲು ಬರೆದುಕೊಡುವವರು ಯಾರು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೇ ಬಂದು ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಗುರುತಿಸುತ್ತವೆ. ಗುರುತಿಸಿದ ಮೇಲೆ ಮಗುವನ್ನು ಕಳಿಸುವುದು ಥೆರಪಿ, ಚಿಕಿತ್ಸೆ ಕೊಡುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ. ವಾರಕ್ಕೆರಡು ಸಲ, ತಿಂಗಳುಗಟ್ಟಲೆ, ಕತ್ತು ನಿಲ್ಲದ ಮಗುವನ್ನು ಸೊಂಟದ ಮೇಲೆ ಹೊತ್ತು ಎರಡು ಬಸ್ಸು ಬದಲಿಸಿ, ಆ ದಿನದ ಕೂಲಿಯನ್ನೂ ಬಿಟ್ಟು ಹೋಗಿಬರಬೇಕು. ನಡುವೆಯೇ ಬಿಟ್ಟುಬಿಟ್ಟರೆ ಕಡತದಲ್ಲಿ ‘ಪೋಷಕರ ನಿರಾಸಕ್ತಿ’ ಎಂದು ಬರೆಯುತ್ತಾರೆ. ಆ ಮಾತನ್ನು ನಾನು ಕ್ಷಮಿಸಲಾರೆ.

‘ಏನೂ ಇಲ್ಲದ್ದಕ್ಕಿಂತ ಒಂದು ಕುರ್ಚಿಯಾದರೂ ಸಿಕ್ಕಿತಲ್ಲ’ ಎಂದು ಅಂದೇ ಒಬ್ಬ ಹಿರಿಯರು ಸಮಾಧಾನ ಹೇಳಿದರು. ಅವರ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಗೌರವವಿದೆ, ಆದರೆ ಮಾತನ್ನು ಒಪ್ಪಲಾರೆ. ಅಳತೆಗೆ ಹೊಂದದ ಕುರ್ಚಿಯಲ್ಲಿ ದಿನವಿಡೀ ಒಂದು ಕಡೆಗೆ ವಾಲಿ ಕೂತ ಮಗುವಿನ ಬೆನ್ನುಮೂಳೆ ಇನ್ನಷ್ಟು ಸೊಟ್ಟಗಾಗಬಹುದು, ಚರ್ಮ ಒತ್ತಿ ಹುಣ್ಣಾಗಬಹುದು, ತಲೆ ಹಿಂದಕ್ಕೆ ಬಿದ್ದಾಗ ಬಾಯಿಗಿಟ್ಟ ತುತ್ತು ಶ್ವಾಸನಾಳಕ್ಕೆ ಇಳಿಯಬಹುದು. ಇಂಥ ಮಕ್ಕಳಿಗೆಂದೇ ಬೇರೆ ಕುರ್ಚಿಗಳು ತಯಾರಾಗುತ್ತವೆ. ಯಾವ ಮಗುವಿಗೆ ಯಾವುದು ಎಂದು ನೋಡಿ ಹೇಳುವ ಒಬ್ಬರು ಅಲ್ಲಿರಲಿಲ್ಲ, ಅಷ್ಟೇ.

ಅಂಥವರನ್ನು ತಯಾರು ಮಾಡುವುದು ನಮ್ಮ ರಾಜ್ಯಕ್ಕೆ ಆಗದ ಕೆಲಸವಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, 1959ರಿಂದ ದುಡಿಯುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಂಬ ಸ್ವಯಂಸೇವಾ ಸಂಸ್ಥೆ ಇದೆ. ಹಳ್ಳಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈಗಾಗಲೇ ಇದ್ದಾರೆ, ಬಹುಪಾಲು ಅವರೂ ವಿಕಲಚೇತನರೇ. ಅವರಿಂದ ಅರ್ಜಿ ಬರೆಸುವುದಕ್ಕಷ್ಟೇ ತೃಪ್ತಿಪಡದೆ, ಮಗುವನ್ನು ಕೂರಿಸುವ, ಉಣಿಸುವ, ಕೀಲು ಬಿಗಿಯದಂತೆ ಕೈಕಾಲು ಆಡಿಸುವ ಕೆಲಸವನ್ನು ಸಂಬಳಸಹಿತ ತರಬೇತಿಯಲ್ಲಿ ಕಲಿಸಿ, ತಿಂಗಳಿಗೊಮ್ಮೆ ಥೆರಪಿಸ್ಟ್ ಬಂದು ಅವರ ಕೆಲಸ ನೋಡುವಂತೆ ಮಾಡಬಹುದು. ಹಾಗೆಯೇ ತಾಯಂದಿರಿಗೆ ತರಬೇತಿಯ ದಿನದ ಕೂಲಿ ಕಟ್ಟಿಕೊಡಬೇಕು.

ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗೆಂದು ಮೀಸಲಿಡಬೇಕಾದ ಶೇಕಡಾ 5ರ ನಿಧಿಯಲ್ಲಿ ಕಳೆದ ವರ್ಷ ಏನೇನು ಖರೀದಿಸಿದರು, ಥೆರಪಿಸ್ಟರ ಭೇಟಿಗೆ ಮತ್ತು ಮಕ್ಕಳ ಪ್ರಯಾಣಕ್ಕೆ ಎಷ್ಟು ಕೊಟ್ಟರು ಎಂದು ನಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಲಿಖಿತವಾಗಿ ಕೇಳಲಿದ್ದೇನೆ. ನಿಮ್ಮ ಊರುಗಳಲ್ಲಿ ನೀವೂ ಕೇಳಿ, ಸಿಕ್ಕ ಉತ್ತರವನ್ನು ಇಲ್ಲಿ ಹಾಕಿ.