ಟೆರ್ರಾ ಫರ್ಮಾ ಮತ್ತು ಭಾವನ ಚಪ್ಪಲಿ

ಶ್ರೀರಂಗಪಟ್ಟಣ ಒಂದು ದ್ವೀಪ ಅನ್ನುವುದು ಮೈಸೂರು ಬಸ್ಸಿನಲ್ಲಿ ಕೂತವರಿಗೆ ಹೊಳೆಯುವುದೇ ಇಲ್ಲ. ಒಂದು ಸೇತುವೆ ಬರುತ್ತದೆ, ತೂಕಡಿಸುತ್ತಲೇ ಕಾವೇರಮ್ಮನಿಗೆ ಕೈ ಮುಗಿಯುತ್ತಾರೆ. ಇನ್ನೊಂದು ಸೇತುವೆ ಬರುತ್ತದೆ, ಮತ್ತೆ ಮುಗಿಯುತ್ತಾರೆ. ನಡುವೆ ಇದ್ದದ್ದೇ ದ್ವೀಪ.

ನಮ್ಮ ಭಾವನವರಿಗೆ ಮಾತ್ರ ಹೊಳೆಯಿತು. "ವೆನಿಸ್ ಕೂಡ ಹಿಂಗೇ ಕಣಯ್ಯ" ಅಂತ ಕಾರಿನಲ್ಲೇ ಪಾಠ ಶುರು ಮಾಡಿದರು. ವೆನಿಸ್‌ನವರು ನೀರಿನ ನಡುವೆ ಕೆಸರಿಗೆ ಮರದ ಗೂಟ ಹೊಡೆದು ಊರು ಕಟ್ಟಿದವರು. ಆಚೆ ದಡದ ಪಡುವಾ, ವೆರೋನಾ ಕಡೆಯ ತಮ್ಮ ರಾಜ್ಯವನ್ನು 'ಟೆರ್ರಾಫೆರ್ಮಾ' ಅನ್ನುತ್ತಿದ್ದರು. ಲ್ಯಾಟಿನ್ನಿನಲ್ಲಿ ಟೆರ್ರಾ ಅಂದರೆ ನೆಲ, ಫಿರ್ಮಾ ಅಂದರೆ ಗಟ್ಟಿ. 17ನೇ ಶತಮಾನದಲ್ಲಿ ಮಾತು 'ಟೆರ್ರಾ ಫರ್ಮಾ' ಅಂತ ಇಂಗ್ಲಿಷಿಗೆ ಹೋಯಿತು. ಈಗ ಹಡಗು ಇಳಿದವರೂ ಅನ್ನುತ್ತಾರೆ, ವಿಮಾನ ಇಳಿದವರೂ ಅನ್ನುತ್ತಾರೆ. ಸ್ಪೇನ್‌ನವರಂತೂ ಪನಾಮಾ ಕಡೆಯ ಕರಾವಳಿಗೆ 'ಟಿಯೆರ್ರಾ ಫಿರ್ಮೆ' ಅಂತ ಹೆಸರನ್ನೇ ಇಟ್ಟುಬಿಟ್ಟಿದ್ದರು. ವ್ಯಾಪಾರದ ಫರ್ಮ್ ಕೂಡ ಇದೇ ಬೇರಿನದಂತೆ, ಇಟಲಿಯವರಿಗೆ ಫಿರ್ಮಾ ಅಂದರೆ ರುಜು, ಮಾತನ್ನು ಗಟ್ಟಿ ಮಾಡುವುದು. ರಾತ್ರೋರಾತ್ರಿ ಬೀಗ ಹಾಕಿಕೊಂಡು ಓಡಿದ ಚೀಟಿಯವರ ರುಜು ನಮ್ಮ ಬೀರುವಿನಲ್ಲಿ ಇವತ್ತಿಗೂ ಇದೆ, ಇರಲಿ ಬಿಡಿ.

"ಹಾಗಾದ್ರೆ ಪಟ್ಟಣದವ್ರಿಗೆ ಪಾಂಡವಪುರ ಟೆರ್ರಾ ಫರ್ಮಾನಾ?" ಅಂದೆ. ಭಾವ ಉತ್ತರ ಕೊಡಲಿಲ್ಲ. ಸಂಗಮ ಬಂದಿತ್ತು.

ಕಾವೇರಿಯ ಕವಲುಗಳು ಮತ್ತೆ ಕೂಡುವ ಆ ಜಾಗದಲ್ಲಿ ತೆಪ್ಪ ಹತ್ತಿದೆವು. ಮಕ್ಕಳು ಕೇಳಿದರು ಅಂತ ತೆಪ್ಪದವನು ನಡುಹೊಳೆಯಲ್ಲಿ ಗಿರಗಿರ ತಿರುಗಿಸಿದ. ಲ್ಯಾಟಿನ್ ನಿಂತುಹೋಯಿತು. ಭಾವ ಅಕ್ಕನ ಸೆರಗು ಹಿಡಿದು ಕಣ್ಣು ಮುಚ್ಚಿದರು. ದಡ ಹತ್ತಿರವಾದ ಮೇಲೆ ಧೈರ್ಯ ಬಂತು ನೋಡಿ, "ಅಬ್ಬ, ಟೆರ್ರಾ ಫರ್ಮಾ!" ಅಂತ ಎದ್ದೇ ನಿಂತರು.

"ಅಲ್ಲಿ ಕಾಲ್ ಮಡಗ್‌ಬ್ಯಾಡಿ ಸಾ, ರೊಜ್ಜೈತೆ!"

ಮಡಗಿ ಆಗಿತ್ತು. ಮೊಣಕಾಲಿನ ತನಕ ಹೋದರು. ತೆಪ್ಪದವನೂ ನಾನೂ ಸೇರಿ ಎಳೆದೆವು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಹುಟ್ಟುಗೋಲು ಹಾಕಿ ಕೆದಕಿದರೆ ಯಾರದೋ ಹಳೇ ಬೂಟು ಸಿಕ್ಕಿತು. ಅದೂ ಎಡಗಾಲಿನದು, ಕಳೆದದ್ದು ಬಲಗಾಲಿನದು.

"ಇನ್ನೊಂದನ್ನೂ ಇಲ್ಲೇ ಬಿಡಿ, ಒಂಟಿ ಚಪ್ಪಲಿ ಇಟ್ಕೊಂಡು ಯಾರಿಗೆ ಹೊಡೀತೀರಾ?" ಅಂದಳು ಅಕ್ಕ.

ಕಾರು ನಿಲ್ಲಿಸಿದ ಕಡೆಗೆ ಹೋಗುವ ಕಲ್ಲುಹಾಸು ಮಾತ್ರ ನಿಜಕ್ಕೂ ಗಟ್ಟಿ ನೆಲ. ಮಧ್ಯಾಹ್ನದ ಬಿಸಿಲಿಗೆ ಚೆನ್ನಾಗಿ ಕಾದಿತ್ತು. ಭಾವ ಅದರ ಮೇಲೆ ಕುಣಿಯುತ್ತಾ ಓಡಿದರು. ಮಕ್ಕಳು ಹಿಂದೆಯೇ ವಿಡಿಯೋ ಮಾಡುತ್ತಾ ಓಡಿದರು.